ಬೆಳ್ಳಿಪಟ್ಟಿಯ ಚೆಂಡು

ಸತತ ಮೂರು ಎಸೆತಗಳಲ್ಲಿ ಮೂವರನ್ನು ಕೆಡಹಿದ ಬೌಲರನಿಗೆ, ಆ ಚೆಂಡಿಗೇ ಬೆಳ್ಳಿಯ ಪಟ್ಟಿ ತೊಡಿಸಿ, ಮರದ ಪೀಠದ ಮೇಲೆ ಕೂರಿಸಿ ಕಾಣಿಕೆಯಾಗಿ ಒಪ್ಪಿಸುವ ಸಂಪ್ರದಾಯ ಇಂಗ್ಲೆಂಡಿನ ಕ್ರಿಕೆಟ್ಟಿನಲ್ಲಿ ಹಳೆಯದು. ಚೆಂಡು ಅವನ ಆಯುಧವಾದುದರಿಂದ ಅದು ಉಚಿತವೂ ಹೌದು. ಆದರೆ ಶತಕ ಬಾರಿಸಿದವನಿಗೂ ಅದೇ ಮರ್ಯಾದೆ ಸಲ್ಲುವುದೆಂದರೆ, ಪೆಟ್ಟು ಕೊಟ್ಟ ದಾಂಡನ್ನು ಬಿಟ್ಟು ಪೆಟ್ಟು ತಿಂದ ಚೆಂಡಿಗೆ ಒಡವೆಯಿಟ್ಟಂತಾಗಲಿಲ್ಲವೆ? ದಾಂಡು ಮರುದಿನದ ಆಟಕ್ಕೂ ಬೇಕು, ಚೆಂಡಿನ ಸೇವೆಯಾದರೋ ಅಂದಿಗೇ ಮುಗಿಯುತ್ತದೆ. ಈ ವಿಚಿತ್ರದ ಮೂಲ ಇಷ್ಟೇ ಇರಬಹುದೆಂದು ನನಗೆ ತೋರುತ್ತದೆ.

ಬೆಂಡಿನ ತಿರುಳಿಗೆ ಉಣ್ಣೆಯ ನೂಲನ್ನು ಬಿಗಿದು ಸುತ್ತಿ, ನಾಲ್ಕು ತುಂಡು ಕೆಂಪು ತೊಗಲನ್ನು ಹೊದಿಸಿ, ಆರು ಸಾಲು ಹೊಲಿಗೆ ಹಾಕುವ ಈ ಕಸಬು ಕೆಂಟ್ ಪ್ರಾಂತದ ಪೆನ್ಸ್‌ಹರ್ಸ್ಟ್ ಗ್ರಾಮದ ಡ್ಯೂಕ್ ಮನೆತನದಲ್ಲಿ ಹದಿನೆಂಟನೆಯ ಶತಮಾನದಿಂದ ನಡೆದುಬಂದಿತು. ತೂಕ ಐದೂವರೆ ಔನ್ಸಿಗೆ ಕಡಿಮೆಯಿಲ್ಲದೆ, ಐದು ಮುಕ್ಕಾಲನ್ನು ಮೀರದೆ ಇರತಕ್ಕದ್ದೆಂದು 1774ರ ನಿಯಮಾವಳಿ ವಿಧಿಸಿತು. ಅದು ಇಂದಿಗೂ ಬದಲಾಗಿಲ್ಲ.

1895ರ ಮೇ 17ರಂದು ಬ್ರಿಸ್ಟಲಿನಲ್ಲಿ ಪೆಟ್ಟು ತಿಂದದ್ದು ಇಂತಹುದೇ ಒಂದು ಚೆಂಡು. ಗ್ಲಾಸ್ಟರ್‌ಷೈರಿನ ಪರವಾಗಿ ಆಡುತ್ತಿದ್ದವನು, ಜುಲೈಗೆ 47 ತುಂಬಲಿದ್ದ, ಎದೆಯುದ್ದ ಗಡ್ಡದ ಡಾಕ್ಟರ್ ಡಬ್ಲ್ಯು. ಜಿ. ಗ್ರೇಸ್; ಎದುರಾಳಿ ಸಾಮರ್‌ಸೆಟ್. ಅದುವರೆಗೆ 99 ಶತಕಗಳನ್ನು ಗಳಿಸಿದ್ದ, ಯಾರಿಗೂ ಜಗ್ಗದ ಆ ಮಹಾಕಾಯನು ನೂರನೆಯದಕ್ಕೆ ಎರಡೇ ಓಟ ಉಳಿದಾಗ ಕಳವಳಗೊಂಡನೆಂದೂ, ಎಸೆಯಬೇಕಾದ ಸಾಮಿ ವುಡ್ಸನ ಕೈಯೂ ಅಷ್ಟೇ ತಡವರಿಸಿತೆಂದೂ, ಇನ್ನೊಂದು ತುದಿಯಲ್ಲಿ ದಾಂಡು ಹಿಡಿದಿದ್ದ ತರುಣ ಚಾರ್ಲ್ಸ್ ಟೌನ್ಸೆಂಡ್ ಬಳಿಕ ನೆನೆದಿದ್ದಾನೆ. ಕೊನೆಗೆ ವುಡ್ಸ್ ಕಾಲಿನ ಬದಿಗೆ ನೆಲ ಮುಟ್ಟದಂತೆ ಮೆಲ್ಲನೆ ಎಸೆದ. ಗ್ರೇಸ್ ಅದನ್ನು ನಾಲ್ಕಕ್ಕೆ ಅಟ್ಟಿದ. ಅದು ಔದಾರ್ಯವೋ, ನಡುಗುವ ಕೈಯ ಫಲವೋ; ಎರಡೂ ಬೆರೆತಿದ್ದವೆಂದು ನಾನು ನಂಬುತ್ತೇನೆ. ಆಟದ ನಡುವೆಯೇ ಮೈದಾನಕ್ಕೆ ಶಾಂಪೇನ್ ಬಂದಿತು. ಗ್ರೇಸ್ 288ರವರೆಗೆ ಆಡಿದ. ಇನ್ನೂರು ಓಟಗಳಾದ ಮೇಲೆ ಹೊಸ ಚೆಂಡು ಪಡೆಯುವ ಹಕ್ಕು ಇಂಗ್ಲೆಂಡಿನ ಬೌಲರುಗಳಿಗೆ ದೊರೆತುದು 1907ರಲ್ಲಿ. ಅಂದಿನ ಚೆಂಡು, ಹರಿದು ಹೋಗದಿದ್ದರೆ, ತಂಡದ ಸರದಿ ಮುಗಿಯುವವರೆಗೂ ದುಡಿಯಬೇಕಾಗಿತ್ತು. ಹೊಳಪಳಿದು, ಹೊಲಿಗೆ ಚಪ್ಪಟೆಯಾದ ಅಂತಹ ತೊಗಲುಂಡೆಯನ್ನು ಕಂಡು ಯಾರ ಶತಕವೆಂದು ಊಹಿಸಲು ಯಾರಿಗೂ ಸಾಧ್ಯವಿಲ್ಲ. ಬೆಳ್ಳಿಯ ಮೇಲೆ ಕೊರೆದ ಅಕ್ಷರಗಳೇ ಅದರ ಇತಿಹಾಸವೆಲ್ಲ.

ಆ ಅಕ್ಷರಗಳಿಗಾದರೂ ನೆಮ್ಮದಿಯುಂಟೇ? ಗ್ರೇಸ್ 1915ರಲ್ಲಿ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ಕೆಲವು ಅಂಕಿಅಂಶಪಂಡಿತರು ಹಳೆಯ ದಾಖಲೆಗಳನ್ನು ಶೋಧಿಸಿ, ಅವನ 126 ಶತಕಗಳಲ್ಲಿ ಎರಡು ಪ್ರಥಮ ದರ್ಜೆಯ ಪಂದ್ಯಗಳಲ್ಲಿ ಬಂದವಲ್ಲವೆಂದು ತೀರ್ಮಾನಿಸಿದರು. ಆ ಎರಡೂ ಬ್ರಿಸ್ಟಲಿಗೆ ಹಿಂದಿನವಾದುದರಿಂದ, ಅವರ ಲೆಕ್ಕದಲ್ಲಿ ವುಡ್ಸನ ಎಸೆತ ತಂದುಕೊಟ್ಟದ್ದು ತೊಂಬತ್ತೆಂಟನೆಯ ಶತಕ! ಉಳಿದವರು ಇನ್ನೂ ನೂರನ್ನೇ ಹಿಡಿದಿದ್ದಾರೆ. ನಾನೂ ಅವರ ಪಕ್ಷವೇ.