ಇಂಗ್ಲಿಷ್ ವ್ಯಾಕರಣಾಲಂಕಾರಗಳ ಪರಿಭಾಷೆ: ಕನ್ನಡದಲ್ಲಿ ಅದರ ಹೊಂದಿಕೆ

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ತೆಂಗಿಗೂ ಕೊಬ್ಬರಿಗೂ ಹೆಸರಾದ ಸೀಮೆ. ಇಂಗ್ಲಿಷ್ ವಿದ್ಯೆಯನ್ನು ಕನ್ನಡಕ್ಕೆ ಹೊಂದಿಸಿದವರ ಚರಿತ್ರೆಯಲ್ಲಿಯೂ ಈ ಸೀಮೆಗೆ ಒಂದು ಸ್ಥಾನವುಂಟು. ಬಿ.ಎಂ. ಶ್ರೀಕಂಠಯ್ಯನವರು 1884ರಲ್ಲಿ ಜನಿಸಿದುದು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ, ತೀ.ನಂ. ಶ್ರೀಕಂಠಯ್ಯನವರ (1906–1966) ಊರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರ. ಮೊದಲನೆಯವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದು, 1926ರಲ್ಲಿ 'ಇಂಗ್ಲಿಷ್ ಗೀತಗಳು' ಎಂಬ ಸಂಕಲನವನ್ನು ಪ್ರಕಟಿಸಿದರು. 1946ರಲ್ಲಿ ಹೊರಬಂದ ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟಿಗಾಗಿ ದುಡಿದರು. ಎರಡನೆಯವರು 'ಕನ್ನಡ ಮಧ್ಯಮ ವ್ಯಾಕರಣ'ವನ್ನೂ 'ಭಾರತೀಯ ಕಾವ್ಯಮೀಮಾಂಸೆ'ಯನ್ನೂ ರಚಿಸಿದರು. ನಿಘಂಟು, ವ್ಯಾಕರಣ, ಕಾವ್ಯಮೀಮಾಂಸೆ ಈ ಮೂರೂ ಸೇರಿದಾಗಲೇ ಒಂದು ಭಾಷೆಯ ಪರಿಭಾಷೆ ಪೂರ್ಣವಾಗುವುದು. ಇವರು ಹಾಕಿಕೊಟ್ಟ ದಾರಿಯಲ್ಲಿ ನಿಂತು, ಇಂಗ್ಲಿಷ್ ವ್ಯಾಕರಣಾಲಂಕಾರಗಳ ಕೆಲವು ಮುಖ್ಯ ಪದಗಳನ್ನು ಪರಿಶೀಲಿಸುವುದು ಇಲ್ಲಿ ನಮ್ಮ ಉದ್ದೇಶ.

ಪರಿಭಾಷೆಯ ಸಂಚಾರವು ಎರಡು ದಿಕ್ಕಿನಲ್ಲಿ ನಡೆದಿದೆ. ವಿಲಿಯಂ ಕೇರಿಯ ಕನ್ನಡ ವ್ಯಾಕರಣವು (1817) ಇಂಗ್ಲಿಷಿನಲ್ಲಿದ್ದಿತು. ಕಿಟ್ಟೆಲ್ ಮಹಾಶಯನ ವ್ಯಾಕರಣವೂ (1903) ಹಾಗೆಯೇ. ಐರೋಪ್ಯ ಪರಿಭಾಷೆಯಿಂದ ಕನ್ನಡವನ್ನು ಅಳೆಯುವ ಕೆಲಸ ಇದರಿಂದ ಮೊದಲಾಯಿತು. ಅನಂತರ ನಮ್ಮ ಶಾಲೆ ಕಾಲೇಜುಗಳಲ್ಲಿ ಇದರ ತಿರುಗುಮುರುಗು ನಡೆದು, ಇಂಗ್ಲಿಷನ್ನು ವಿವರಿಸಲು ಸಂಸ್ಕೃತ ವೈಯಾಕರಣರ ಮತ್ತು ಕೇಶಿರಾಜಾದಿಗಳ ಪದಗಳನ್ನು ತರಲಾಯಿತು. ಪರಿಭಾಷೆಯ ಪದವೊಂದು ಬರಿಯ ಹೆಸರಲ್ಲ. ತಾನು ಹುಟ್ಟಿದ ಶಾಸ್ತ್ರವನ್ನೂ ಅದು ಜೊತೆಗೆ ಕರೆತರುತ್ತದೆ. ಇದನ್ನು ಮರೆತಲ್ಲಿ ವಿದ್ಯಾರ್ಥಿಯು ಎರಡು ಭಾಷೆಗಳ ಸ್ವರೂಪವನ್ನೂ ತಪ್ಪಾಗಿ ತಿಳಿಯುವ ಅಪಾಯವಿದೆ.

ನಾಮಪದ, ಸರ್ವನಾಮ, ಕ್ರಿಯಾಪದ, ಏಕವಚನ, ಬಹುವಚನ ಮುಂತಾದುವುಗಳಲ್ಲಿ ಹೆಚ್ಚಿನ ತೊಡಕಿಲ್ಲ. ತೊಡಕು ಮೊದಲಾಗುವುದು ಪ್ರಿಪೊಸಿಷನ್ನಿನಲ್ಲಿ. ಇದನ್ನು 'ಉಪಸರ್ಗ'ವೆಂದು ಕಲಿಸುವ ವಾಡಿಕೆಯುಂಟು. ಆದರೆ ಸಂಸ್ಕೃತದ ಉಪಸರ್ಗವು ಧಾತುವಿಗೆ ಹತ್ತಿ ಅದರ ಅರ್ಥವನ್ನು ತಿರುಗಿಸತಕ್ಕದ್ದು. ಆಹಾರ, ವಿಹಾರ, ಪ್ರಹಾರ, ಸಂಹಾರಗಳನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಇಂಗ್ಲಿಷಿನ ಪ್ರಿಪೊಸಿಷನ್ ನಾಮಪದದ ಮುಂದೆ ನಿಂತು ಸಂಬಂಧವನ್ನು ತಿಳಿಸುತ್ತದೆ. ಆ ಕೆಲಸವನ್ನು ಕನ್ನಡದಲ್ಲಿ ಮಾಡುವುವು ವಿಭಕ್ತಿಪ್ರತ್ಯಯಗಳೂ ನಾಮಪದದ ಬಳಿಕ ಬರುವ ಅವ್ಯಯಗಳೂ: 'ಮರದಿಂದ', 'ಅಟ್ಟದ ಮೇಲೆ'. ನಿಜವಾಗಿ ಉಪಸರ್ಗಕ್ಕೆ ಸಮೀಪವಾದುದು 'ಗಿವ್ ಅಪ್' ಎಂಬಲ್ಲಿಯ 'ಅಪ್'. ಕೊಡು ಎಂಬ ಅರ್ಥದ ಕ್ರಿಯೆಯನ್ನು ಅದು ಬಿಟ್ಟುಬಿಡು ಎಂದಾಗಿಸುತ್ತದೆ. ಹೀಗೆ ಹೋಲಿಸಿ ತೋರಿಸಿದರೆ ಉಪಸರ್ಗವೆಂಬ ಪದವೂ ಸಾರ್ಥಕವಾಗುತ್ತದೆ, ಇಂಗ್ಲಿಷಿನ ಒಂದು ಕಠಿನ ಪ್ರಯೋಗವೂ ಸುಲಭವಾಗುತ್ತದೆ.

ಸಬ್ಜೆಕ್ಟ್ ಎಂಬುದನ್ನು 'ಕರ್ತೃ'ವೆನ್ನುವುದು ಇದಕ್ಕಿಂತ ಸೂಕ್ಷ್ಮವಾದ ತೊಡಕು. 'ಆಳು ಕಾಯಿಯನ್ನು ಕೆಡವಿದನು' ಎಂಬಲ್ಲಿ ಎರಡೂ ಒಂದೇ. 'ಆಳಿನಿಂದ ಕಾಯಿ ಕೆಡವಲ್ಪಟ್ಟಿತು' ಎಂದಾಗ, ನಮ್ಮ ಶಾಸ್ತ್ರದಲ್ಲಿ ತೃತೀಯೆಯಲ್ಲಿದ್ದರೂ ಆಳೇ ಕರ್ತೃ, ಪ್ರಥಮೆಯಲ್ಲಿದ್ದರೂ ಕಾಯಿ ಕರ್ಮ. ಇಂಗ್ಲಿಷಿನ ಕರ್ಮಣಿ ವಾಕ್ಯದಲ್ಲಾದರೋ ಕಾಯಿಯೇ ಸಬ್ಜೆಕ್ಟ್. ಕರ್ತೃತ್ವವು ಕ್ರಿಯೆಯೊಡನೆ ಅರ್ಥದ ಸಂಬಂಧ. ಸಬ್ಜೆಕ್ಟ್ ಎಂಬುದು ವಾಕ್ಯರಚನೆಯಲ್ಲಿ ಒಂದು ಸ್ಥಾನ. 'ಇಟ್ ಈಸ್ ರೈನಿಂಗ್' ಎಂಬಲ್ಲಿ 'ಇಟ್' ಏನನ್ನೂ ಮಾಡುವುದಿಲ್ಲ, ಆದರೂ ಆ ಸ್ಥಾನವನ್ನು ತುಂಬುತ್ತದೆ. 'ನನಗೆ ಹಸಿವಾಗಿದೆ' ಎಂದು ಚತುರ್ಥಿಯಲ್ಲಿ ಹೇಳುವ ಕನ್ನಡಿಗನು ಇಂಗ್ಲಿಷಿನಲ್ಲಿ 'ಐ' ಎಂದೇ ಆರಂಭಿಸಬೇಕಾಗುತ್ತದೆ. ಆದಕಾರಣ ಸಬ್ಜೆಕ್ಟ್, ಪ್ರೆಡಿಕೇಟ್ ಎಂಬುವುಗಳಿಗೆ ಉದ್ದೇಶ್ಯ, ವಿಧೇಯ ಎಂಬ ಪದಗಳನ್ನು ಬಳಸಿ, ಕರ್ತೃ ಎಂಬುದನ್ನು ಕಾರಕವಿಚಾರಕ್ಕೆ ಮೀಸಲಿಡುವುದು ಲೇಸು.

ಇನ್ನು ರೆಟರಿಕ್. ಅರಿಸ್ಟಾಟಲನು ಇದಕ್ಕೊಂದು ಗ್ರಂಥವನ್ನೂ ಕಾವ್ಯಕ್ಕೆ ಬೇರೊಂದು ಗ್ರಂಥವನ್ನೂ ಬರೆದನು. ನ್ಯಾಯಸಭೆಯಲ್ಲಿ, ಜನಸಭೆಯಲ್ಲಿ ಕೇಳುವವರನ್ನು ಒಪ್ಪಿಸುವ ವಿದ್ಯೆ ಅದು. ರೋಮನರು ಅದನ್ನು ವಿಷಯಾನ್ವೇಷಣೆ, ಜೋಡಣೆ, ಶೈಲಿ, ಧಾರಣೆ, ನಿರೂಪಣೆ ಎಂದು ಐದಾಗಿ ವಿಂಗಡಿಸಿದರು. ದಂಡಿಯಿಂದಲೂ, ಅವನನ್ನು ಬಹುಮಟ್ಟಿಗೆ ಅನುಸರಿಸಿದ ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಿಂದಲೂ ನಮಗೆ ಬಂದ ಅಲಂಕಾರಶಾಸ್ತ್ರವು ಕಾವ್ಯದ ಶಾಸ್ತ್ರ. ರೆಟರಿಕ್ಕನ್ನು ಅಲಂಕಾರಶಾಸ್ತ್ರವೆಂದರೆ ಆ ಐದರಲ್ಲಿ ಶೈಲಿಯೊಂದನ್ನೇ ಹೇಳಿದಂತಾಗುತ್ತದೆ.

ಅಲಂಕಾರಗಳಲ್ಲಿಯೂ ಈ ವಿವೇಚನೆ ಬೇಕು. 'ತೆಂಗು ಕಲ್ಪವೃಕ್ಷದಂತೆ' ಎಂದರೆ ಉಪಮೆ, ಸಿಮಿಲಿ. 'ತೆಂಗೇ ಕಲ್ಪವೃಕ್ಷ' ಎಂದರೆ ರೂಪಕ, ಮೆಟಫರ್. ಇಲ್ಲಿ ಹೊಂದಿಕೆ ಚೆನ್ನಾಗಿದೆ. 'ತಿಪಟೂರು ಕೊಬ್ಬರಿಯ ಧಾರಣೆಯನ್ನು ಏರಿಸಿತು' ಎಂಬಲ್ಲಿ ಊರಿನ ಹೆಸರು ಅಲ್ಲಿಯ ಮಾರುಕಟ್ಟೆಯ ವರ್ತಕರನ್ನು ಸೂಚಿಸುತ್ತದೆ. ಐರೋಪ್ಯರು ಇದನ್ನು ಮೆಟೊನಿಮಿ ಎಂದು ಅಲಂಕಾರಗಳ ಸಾಲಿನಲ್ಲಿಡುತ್ತಾರೆ. ನಮ್ಮವರ ಅಲಂಕಾರಪಟ್ಟಿಯಲ್ಲಿ ಇದನ್ನು ಹುಡುಕಿ ಫಲವಿಲ್ಲ. ಇದು ಶಬ್ದವೃತ್ತಿಗಳಲ್ಲೊಂದಾದ ಲಕ್ಷಣೆಯ ವಿಷಯ. 'ಗಂಗೆಯಲ್ಲಿ ಹಟ್ಟಿ' ಎಂಬುದು ಅದರ ಪ್ರಸಿದ್ಧ ಉದಾಹರಣೆ: ಹೊಳೆಯಲ್ಲಿ ಹಟ್ಟಿಯಿರಲಾರದಾದುದರಿಂದ ದಡವೆಂಬ ಅರ್ಥವನ್ನು ಕಲ್ಪಿಸಿಕೊಳ್ಳಬೇಕು.

ಐರನಿಗೆ ಇಂದು 'ವ್ಯಂಗ್ಯ'ವೆನ್ನುವುದು ರೂಢಿ. ಆನಂದವರ್ಧನನ ಸಂಪ್ರದಾಯದಲ್ಲಿ ವ್ಯಂಗ್ಯವೆಂದರೆ ಸೂಚಿತವಾಗುವ ಯಾವುದೇ ಅರ್ಥ. 'ಹೊತ್ತು ಮುಳುಗಿತು' ಎಂದಾಗ ದನಗಾಹಿಗೆ ದನಗಳನ್ನು ಹಟ್ಟಿಗೆ ಹೊಡೆಯಬೇಕೆಂದು ತೋರುವುದೂ ವ್ಯಂಗ್ಯವೇ, ಅಲ್ಲಿ ಕುಹಕವಿಲ್ಲ. ಈ ಭೇದವನ್ನು ಅರಿಯದ ವಿದ್ಯಾರ್ಥಿಯು 'ಭಾರತೀಯ ಕಾವ್ಯಮೀಮಾಂಸೆ'ಯನ್ನು ಓದುವಾಗ ಧ್ವನಿಪ್ರಕರಣದ ಹೊಸ್ತಿಲಲ್ಲಿಯೇ ದಾರಿ ತಪ್ಪುತ್ತಾನೆ.

ಹೀಗೆಂದ ಮಾತ್ರಕ್ಕೆ ಕನ್ನಡ ಪದಗಳನ್ನು ತೊರೆದು ಇಂಗ್ಲಿಷ್ ಪದಗಳನ್ನೇ ಉರುಹಚ್ಚಿಸಬೇಕೆಂಬುದು ನಮ್ಮ ಮತವಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಈ ಸೀಮೆಯ ಹಳ್ಳಿಗಳಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಗೆ, ಸಬ್ಜೆಕ್ಟ್ ಎಂಬುದನ್ನು ತಾನು ಬಲ್ಲ ಕರ್ತೃವಿನ ಪಕ್ಕದಲ್ಲಿಟ್ಟು ನೋಡಿದಾಗಲೇ ಎರಡೂ ತಿಳಿಯುತ್ತವೆ. ಯಾವುದೇ ಪದವನ್ನು ಕಲಿಸುವಾಗ ಅದು ಯಾವ ಶಾಸ್ತ್ರದಿಂದ ಬಂದಿತು, ಅಲ್ಲಿ ಅದರ ಕೆಲಸವೇನು, ಇಂಗ್ಲಿಷ್ ವಾಕ್ಯದಲ್ಲಿ ಆ ಕೆಲಸವನ್ನು ಮಾಡುವುದು ಯಾವುದು ಎಂಬ ಮೂರು ಪ್ರಶ್ನೆಗಳನ್ನು ಕೇಳುವುದು ಒಳ್ಳೆಯದು. ಉತ್ತರಗಳು ಹೊಂದಿದರೆ ಪದವನ್ನು ಉಳಿಸಿಕೊಳ್ಳಬಹುದು. ಹೊಂದದಿದ್ದರೆ ವ್ಯತ್ಯಾಸವನ್ನೇ ಪಾಠವಾಗಿ ಮಾಡಬಹುದು.