ಮಧ್ಯಪ್ರಾಂತದ ಖರೆ ಪ್ರಕರಣ

1937ರ ಜುಲೈ ತಿಂಗಳಲ್ಲಿ ಮಧ್ಯಪ್ರಾಂತ ಮತ್ತು ಬೇರಾರಿನ ಪ್ರಧಾನಮಂತ್ರಿಯಾದ ಡಾ. ನಾರಾಯಣ ಭಾಸ್ಕರ ಖರೆಯವರು, ವರ್ಷ ತುಂಬಿದ ಕೆಲವೇ ದಿನಗಳಲ್ಲಿ ಪದವಿಯನ್ನೂ ಕಾಂಗ್ರೆಸ್ಸಿನಲ್ಲಿ ತಮಗಿದ್ದ ಸ್ಥಾನವನ್ನೂ ಕಳೆದುಕೊಂಡರು. ಈ ಪತನವನ್ನು ವ್ಯಕ್ತಿಗಳ ಜಗಳವೆಂದು ಹೇಳಿ ಮುಗಿಸುವುದುಂಟು. ಜಗಳವೇನೋ ಇತ್ತು. ನಾಗಪುರ, ಬೇರಾರುಗಳ ಮರಾಠಿ ಭಾಗಕ್ಕೂ ಮಹಾಕೋಸಲದ ಹಿಂದಿ ಭಾಗಕ್ಕೂ ಹೊಂದಿಕೆಯಿರಲಿಲ್ಲ. ಹಿಂದಿ ಭಾಗದ ಮಂತ್ರಿಗಳಾದ ರವಿಶಂಕರ ಶುಕ್ಲ, ದ್ವಾರಕಾಪ್ರಸಾದ ಮಿಶ್ರ, ಮೆಹತಾ ಇವರೊಡನೆ ಖರೆಯವರ ವಿರಸ ಬೆಳೆದಿತ್ತು. 1938ರ ಮೇ ತಿಂಗಳಲ್ಲಿ ಪಚ್‌ಮಢಿಯಲ್ಲಿ ಹಿರಿಯ ನಾಯಕರು ಮಾಡಿಸಿದ ರಾಜಿ ಎರಡು ತಿಂಗಳೂ ನಿಲ್ಲಲಿಲ್ಲ. ಆದರೆ ವಿಚಾರಾರ್ಹವಾದ ಪ್ರಶ್ನೆ ಬೇರೆ: ಪ್ರಾಂತದ ಪ್ರಧಾನಮಂತ್ರಿಗೆ ಅಧಿಕಾರ ಬರುವುದು ಎಲ್ಲಿಂದ?

1935ರ ಕಾಯಿದೆಯಲ್ಲಿ ಆ ಪದವಿಯ ಹೆಸರೇ ಇಲ್ಲ. 51ನೆಯ ವಿಧಿಯ ಮೇರೆಗೆ ಮಂತ್ರಿಗಳೆಲ್ಲರೂ ಗವರ್ನರರ ಇಚ್ಛೆಯಿರುವವರೆಗೆ ಅಧಿಕಾರದಲ್ಲಿರತಕ್ಕವರು. ಆದಕಾರಣ ಜುಲೈ 20ರಂದು ಖರೆಯವರು ಇಬ್ಬರು ಸಹೋದ್ಯೋಗಿಗಳೊಡನೆ ರಾಜೀನಾಮೆಯಿತ್ತಾಗ, ಉಳಿದ ಮೂವರ ಸ್ಥಾನ ತಾನಾಗಿ ತೆರವಾಗಲಿಲ್ಲ. ಪಕ್ಷದ ಅಪ್ಪಣೆಯಿಲ್ಲದೆ ಬಿಡಲಾರೆವೆಂದು ಅವರು ನಿರಾಕರಿಸಿದರು. ಗವರ್ನರ್ ಸರ್ ಫ್ರಾನ್ಸಿಸ್ ವೈಲಿಯವರು ಅವರನ್ನು ವಜಾ ಮಾಡಿ, ಹೊಸ ಮಂತ್ರಿಮಂಡಲ ರಚಿಸಲು ಖರೆಯವರನ್ನೇ ಕರೆದರು.

ಇಂಗ್ಲೆಂಡಿನ ಸಂಪ್ರದಾಯದಿಂದ ಅಳೆದರೆ ಇದರಲ್ಲಿ ದೋಷ ಕಾಣದು. ಪ್ರಧಾನಿ ಹೋದರೆ ಮಂತ್ರಿಮಂಡಲವೂ ಹೋಗುತ್ತದೆ. ಆದರೆ ಅಲ್ಲಿಯ ದೊರೆ ಮಂತ್ರಿಗಳ ಮಾತಿನಂತೆ ನಡೆಯುವವನು. ಇಲ್ಲಿಯ ಗವರ್ನರರು ಪರಸರ್ಕಾರದ ಪ್ರತಿನಿಧಿ. ಅವರ ವಿಶೇಷಾಧಿಕಾರಗಳ ವಿಷಯದಲ್ಲಿ ತಿಂಗಳುಗಟ್ಟಲೆ ವಾದಿಸಿದ ಮೇಲೆಯೇ ಕಾಂಗ್ರೆಸ್ಸು ಅಧಿಕಾರ ಸ್ವೀಕರಿಸಿತ್ತು. ಸಹೋದ್ಯೋಗಿಗಳನ್ನು ಬಿಟ್ಟದ್ದಲ್ಲ, ಬಿಡಿಸಲು ಆ ಬಾಗಿಲಿಗೆ ಹೋದದ್ದು ಖರೆಯವರ ತಪ್ಪೆಂದು ನಮಗೆ ತೋರುತ್ತದೆ.

ಜುಲೈ 23ರಂದು ಅವರು ಮತ್ತೆ ರಾಜೀನಾಮೆಯಿತ್ತರು. ಕಾರ್ಯಕಾರಿ ಸಮಿತಿ ಅವರ ನಡತೆಯನ್ನು ಖಂಡಿಸಿತು. ವಾರ್ಧಾದಲ್ಲಿ ಸುಭಾಷಚಂದ್ರ ಬೋಸರ ಅಧ್ಯಕ್ಷತೆಯಲ್ಲಿ ಸೇರಿದ ಕಾಂಗ್ರೆಸ್ ಶಾಸಕರು ಶುಕ್ಲರನ್ನು ನಾಯಕರನ್ನಾಗಿ ಆರಿಸಿದರು. ಗಾಂಧೀಜಿಯವರು ‘ಹರಿಜನ’ ಪತ್ರಿಕೆಯಲ್ಲಿ ಸಮಿತಿಯ ಕ್ರಮವನ್ನು ಸಮರ್ಥಿಸಿದರು. ಶಿಸ್ತು ಉಳಿಯಿತು, ನಿಜ. ಆದರೆ ಮಂತ್ರಿಗಳು ಯಾರಿಗೆ ಜವಾಬುದಾರರೆಂದು ಎಲ್ಲರೂ ಹೇಳುತ್ತಿದ್ದರೋ ಆ ಶಾಸನಸಭೆಯ ಮುಂದೆ ವಿಶ್ವಾಸದ ಪ್ರಶ್ನೆ ಬರಲೇ ಇಲ್ಲ. ಈ ಲೋಪವನ್ನು ಖರೆಯವರ ವಿರೋಧಿಗಳೂ ಗಮನಿಸಬೇಕಾಗಿತ್ತು.

ಖರೆಯವರು 1943ರಲ್ಲಿ ವೈಸರಾಯರ ಕಾರ್ಯಾಂಗ ಮಂಡಲಿಯ ಸದಸ್ಯರಾದರು. 1947ರಲ್ಲಿ ಅಲ್ವರ್ ಸಂಸ್ಥಾನದ ದಿವಾನಗಿರಿ, ಮುಂದೆ ಹಿಂದೂ ಮಹಾಸಭೆಯ ಅಧ್ಯಕ್ಷತೆಗಳೂ ದೊರೆತವು. ನಾಗಪುರದ ಪೀಠ ಮಾತ್ರ ಮತ್ತೆ ದೊರೆಯಲಿಲ್ಲ. 1946ರಲ್ಲಿ ಅದು ಪುನಃ ಶುಕ್ಲರ ಪಾಲಾಯಿತು.