ಥೇಮ್ಸ್ ನದಿಯ ದಂಡೆಯಲ್ಲಿ ಬೆಳಗಿನ ನಡಿಗೆ

ಮಗನೋ ಮಗಳೋ ಲಂಡನ್ನಿನಲ್ಲಿ ಸಂಸಾರ ಹೂಡಿದ್ದಾರೆ. ಅವರ ಮನೆಯಲ್ಲಿ ಎರಡು ಮೂರು ತಿಂಗಳು ಇದ್ದು ಬರಲೆಂದು ನೀವು ಹೋಗಿದ್ದೀರಿ ಎಂದಿಟ್ಟುಕೊಳ್ಳಿ. ಬೆಳಗಾಗುತ್ತಲೇ ಅವರೆಲ್ಲ ಕೆಲಸಕ್ಕೆ ಹೊರಟುಬಿಡುತ್ತಾರೆ. ಇಲ್ಲಿ ದಿನವೂ ಕೆರೆಯ ಏರಿಯ ಮೇಲೆ ಎರಡು ಸುತ್ತು ಹಾಕಿ ಬಂದಲ್ಲದೆ ಕಾಫಿ ಮುಟ್ಟದ ನಿಮಗೆ ಅಲ್ಲಿ ಕಾಲು ಕಟ್ಟಿಹಾಕಿದಂತೆ ಆಗುತ್ತದೆ. ಟೆಲಿವಿಷನ್ನಿನ ಮುಂದೆ ಎಷ್ಟು ಹೊತ್ತು ಕೂತಿರಲಾದೀತು? ಇಂಥ ಸಮಯದಲ್ಲಿ ಮನೆಯವರನ್ನು ಕೇಳಬೇಕಾದ ಪ್ರಶ್ನೆ ಒಂದೇ: “ಇಲ್ಲಿಂದ ನದಿ ಎಷ್ಟು ದೂರ?”

ಲಂಡನ್ ನಗರದ ನಡುವೆ ಹಾವಿನಂತೆ ತಿರುಚಿಕೊಂಡು ಹರಿಯುವ ಥೇಮ್ಸ್ ನದಿಯ ಎರಡು ದಂಡೆಗಳಲ್ಲೂ, ಪೂರ್ತಿಯಾಗಿ ಅಲ್ಲದಿದ್ದರೂ ಬಹುಭಾಗ, ಕಾಲ್ನಡಿಗೆಯವರಿಗೆ ದಾರಿಯುಂಟು. ನದಿ ಹುಟ್ಟುವ ಕಾಟ್ಸ್‌ವೋಲ್ಡ್ ಗುಡ್ಡಗಳಿಂದ ಲಂಡನ್ನಿನ ಪೂರ್ವಭಾಗದವರೆಗೆ 184 ಮೈಲಿ ಉದ್ದದ ಈ ದಾರಿಯನ್ನು 1996ರಲ್ಲಿ ರಾಷ್ಟ್ರೀಯ ಕಾಲುದಾರಿಯೆಂದು ವಿಧ್ಯುಕ್ತವಾಗಿ ತೆರೆದರು. ಮುಂಜಾನೆ ಅಲ್ಲಿಗೆ ಹೋದರೆ ನಾಯಿ ಹಿಡಿದ ವೃದ್ಧರು, ಕೈಗಾಡಿಯಲ್ಲಿ ಕೂಸನ್ನು ತಳ್ಳಿಕೊಂಡೇ ಓಡುವ ತಾಯಂದಿರು, ಮೆಲ್ಲೋಟದ ತರುಣರು ಎಲ್ಲರೂ ಕಾಣಸಿಗುತ್ತಾರೆ. ಇಷ್ಟು ಸೊಗಸಾದ ದಾರಿಯನ್ನು ಯಾರೋ ಪುಣ್ಯಾತ್ಮರು ಜನರ ಆರೋಗ್ಯಕ್ಕೆಂದು ಮಾಡಿಸಿರಬೇಕು ಎಂದು ನಿಮಗೆ ತೋರೀತು. ಹಾಗಲ್ಲ. ಇದರಲ್ಲಿ ಒಂದು ತುಂಡು ಕುದುರೆಗಳಿಗಾಗಿ ಆದದ್ದು, ಇನ್ನೊಂದು ಕೊಳಚೆಗಾಗಿ, ಮತ್ತೊಂದು ಪ್ರವಾಹದ ಭಯದಿಂದ. ಸಮೀಪದ ಒಂದು ಉದ್ಯಾನದೊಳಗೆ ಕಾಲಿಡುವ ಹಕ್ಕನ್ನಂತೂ ಜನ ನ್ಯಾಯಾಲಯದಲ್ಲಿ ಹೋರಾಡಿಯೇ ಪಡೆಯಬೇಕಾಯಿತು.

ಮೊದಲು ಕುದುರೆಗಳ ದಾರಿಯಿಂದಲೇ ಹೊರಡೋಣ. ನಗರದ ನೈಋತ್ಯ ಭಾಗದಲ್ಲಿ ಪಟ್ನಿ ಎಂಬ ಪೇಟೆಯಿದೆ. ಉಗಿಯಂತ್ರ ಬರುವ ಮುನ್ನ ಸರಕಿನ ದೋಣಿಗಳು ಪ್ರವಾಹಕ್ಕೆ ಎದುರಾಗಿ ಮೇಲಕ್ಕೆ ಹೋಗಬೇಕಾದರೆ ದಂಡೆಯಿಂದ ಹಗ್ಗ ಕಟ್ಟಿ ಎಳೆಯಬೇಕಾಗುತ್ತಿತ್ತು. ಹಿಂದೆ ಮನುಷ್ಯರೇ ಎಳೆಯುತ್ತಿದ್ದರು. ಅನಂತರ ಕುದುರೆಗಳು ಬಂದವು. ಆ ಕುದುರೆಗಳು ನಡೆದ ದಾರಿಯೇ ಪಟ್ನಿಯಿಂದ ಮೇಲಕ್ಕೆ ಮೈಲಿಗಟ್ಟಲೆ ಸಾಗುವ ಇಂದಿನ ‘ಟೋಪಾತ್’. ಇದು ಸಮತಟ್ಟಾದ ಮಣ್ಣಿನ ದಾರಿ. ಮೇಲೆ ಮರಗಳ ಚಪ್ಪರ, ಒಂದು ಪಕ್ಕ ನೀರು. ಮೊಣಕಾಲು ನೋವಿನವರಿಗೆ ಕಲ್ಲು ಹಾಸಿಗಿಂತ ಮಣ್ಣು ಎಷ್ಟು ಹಿತವೆಂದು ಹೇಳಬೇಕಾಗಿಲ್ಲ. ಪಟ್ನಿ ಸೇತುವೆಯಿಂದ ಹೊರಟು ಹ್ಯಾಮರ್‌ಸ್ಮಿತ್ ತೂಗುಸೇತುವೆಯನ್ನು ದಾಟಿ ಆಚೆ ದಡದಲ್ಲಿ ಹಿಂದಿರುಗಿದರೆ ಸುಮಾರು 6 ಕಿಲೋಮೀಟರುಗಳ ಒಂದು ಸುತ್ತಾಗುತ್ತದೆ. 1887ರಲ್ಲಿ ಕಟ್ಟಿದ ಈ ಸೇತುವೆಯ ಕಬ್ಬಿಣದಲ್ಲಿ ಬಿರುಕುಗಳು ಕಂಡದ್ದರಿಂದ 2019ರಲ್ಲಿ ಅದನ್ನು ಮೋಟಾರು ವಾಹನಗಳಿಗೆ ಮುಚ್ಚಿದರು. ಸುತ್ತಲಿನ ನಿವಾಸಿಗಳಿಗೆ ಇದು ದೊಡ್ಡ ತೊಂದರೆ. ನಡೆಯುವವರಿಗೆ ಮಾತ್ರ ಹೊಗೆಯಿಲ್ಲದ ಸೇತುವೆಯ ಮೇಲೆ ನಿಂತು ನದಿ ನೋಡುವ ಭಾಗ್ಯ ದೊರೆಯಿತು.

ರೇಡಿಯೋ ಕೇಳುವವರಿಗೆ ಈ ತುಂಡಿನ ಪರಿಚಯ ಬೇರೊಂದು ಬಗೆಯಲ್ಲಿ ಇರಬಹುದು. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳ ದೋಣಿಪಂದ್ಯ 1829ರಲ್ಲಿ ಬೇರೆಡೆ ಮೊದಲಾಗಿ, 1845ರಿಂದ ಪಟ್ನಿಗೆ ಬಂದಿತು. ಪಟ್ನಿಯಿಂದ ಮಾರ್ಟ್‌ಲೇಕ್‌ವರೆಗೆ ಆರೂಮುಕ್ಕಾಲು ಕಿಲೋಮೀಟರಿಗೆ ತುಸು ಹೆಚ್ಚು ದೂರ. 1927ರಲ್ಲಿ ಬಿ.ಬಿ.ಸಿ.ಯವರು ಈ ಪಂದ್ಯದ ವೀಕ್ಷಕ ವಿವರಣೆಯನ್ನು ನದಿಯಿಂದಲೇ ಬಿತ್ತರಿಸಿದರು. ನೀರಿನ ಮೇಲಿನ ಪಂದ್ಯವನ್ನು ಮನೆಯೊಳಗೆ ಕೂತು ಕೇಳುವುದು ಆಗಿನ್ನೂ ಹೊಸ ಸೋಜಿಗ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ತುಂಗೆಯನ್ನೋ ಕಾವೇರಿಯನ್ನೋ ನೋಡಿ ಬೆಳೆದ ನಮಗೆ ನದಿಯೆಂದರೆ ಒಂದೇ ಕಡೆಗೆ ಹರಿಯುವ ನೀರು. ಥೇಮ್ಸ್ ಹಾಗಲ್ಲ. ಸಮುದ್ರದ ಭರತ ನಗರವನ್ನೆಲ್ಲ ದಾಟಿ ಪಶ್ಚಿಮದ ಟೆಡ್ಡಿಂಗ್ಟನ್‌ವರೆಗೆ ಏರುತ್ತದೆ. ದಿನಕ್ಕೆ ಎರಡು ಸಲ ನದಿ ಹಿಂದಕ್ಕೆ ಹರಿಯುತ್ತದೆ. ಲಂಡನ್ ಸೇತುವೆಯ ಬಳಿ ನೀರಿನ ಏರಿಳಿತ 7 ಮೀಟರಿನವರೆಗೂ ಇರುವುದುಂಟು, ಎಂದರೆ ಎರಡಂತಸ್ತಿನ ಮನೆಯಷ್ಟು! ಬೆಳಿಗ್ಗೆ ಹೋದಾಗ ಕೆಳಗೆ ಕೆಸರು, ನೊರಜುಕಲ್ಲು, ಕೊಕ್ಕರೆಗಳು. ಮಧ್ಯಾಹ್ನ ಅದೇ ಜಾಗದಲ್ಲಿ ದಡ ಮುಟ್ಟಿದ ನೀರು. ಅಮಾವಾಸ್ಯೆ, ಹುಣ್ಣಿಮೆಗಳ ಆಚೀಚೆ ಬರುವ ದೊಡ್ಡ ಭರತದಲ್ಲಿ ಪಟ್ನಿಯ ದಂಡೆಯ ರಸ್ತೆಯ ಮೇಲೆಯೇ ನೀರು ನಿಲ್ಲುತ್ತದೆ. ತಿಳಿಯದವರು ನಿಲ್ಲಿಸಿ ಹೋದ ಮೋಟಾರು ಕಾರುಗಳು ಮುಳುಗುತ್ತವೆ. ಟೋಪಾತಿನ ಕೆಲವು ತಗ್ಗುಗಳೂ ಹಾಗೆಯೇ. ಆದುದರಿಂದ ಹೊರಡುವ ಮುನ್ನ ಭರತದ ವೇಳಾಪಟ್ಟಿ ನೋಡಿಕೊಳ್ಳಿ. ಇದು ದಿನದಿನಕ್ಕೆ ಸುಮಾರು ಐವತ್ತು ನಿಮಿಷಗಳಷ್ಟು ಮುಂದೆ ಸರಿಯುತ್ತದೆ. ಪಂಚಾಂಗ ನೋಡಿ ಮನೆಯಿಂದ ಹೊರಡುವ ಅಭ್ಯಾಸವುಳ್ಳವರಿಗೆ ಇದೇನೂ ಹೊಸದಲ್ಲ.

ಹ್ಯಾಮರ್‌ಸ್ಮಿತ್‌ಗೆ ಹೋಗುವಾಗ ಟೋಪಾತಿನ ಎಡಕ್ಕೆ ಬೇಲಿಯಾಚೆ ಹಕ್ಕಿಗಳ ಗದ್ದಲ ಕೇಳುತ್ತದೆ. ವಿಕ್ಟೋರಿಯಾ ರಾಣಿಯ ಕಾಲದ ನಾಲ್ಕು ಕುಡಿಯುವ ನೀರಿನ ಜಲಾಶಯಗಳು ಬೇಡವಾದಾಗ, ಅವುಗಳನ್ನು ಜೌಗು ಕೊಳಗಳನ್ನಾಗಿ ಮಾರ್ಪಡಿಸಿ 2000ದಲ್ಲಿ ಪಕ್ಷಿಧಾಮವನ್ನಾಗಿ ತೆರೆದರು. ಮುಂದೆ ಸಾಗಿದರೆ ಕ್ಯೂ ಸಸ್ಯೋದ್ಯಾನದ ಬೇಲಿಯ ಪಕ್ಕದಲ್ಲೇ ದಾರಿ ಹಾಯ್ದು ರಿಚ್‌ಮಂಡ್ ಸೇರುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ ಇಡೀ ಲಂಡನ್ನಿನಲ್ಲಿ ಇದಕ್ಕಿಂತ ಚೆಲುವಾದ ನಡಿಗೆ ಬೇರೆಯಿಲ್ಲ. ಒಂದು ಕಡೆ ಸಸ್ಯೋದ್ಯಾನದ ಹಳೆಯ ಮರಗಳು, ನದಿಯಾಚೆ ಸೈಯನ್ ಹೌಸಿನ ಹುಲ್ಲುಗಾವಲು; ನಗರದಲ್ಲಿದ್ದೇವೆಂಬುದನ್ನು ನೆತ್ತಿಯ ಮೇಲೆ ಹಾರುವ ವಿಮಾನ ಮಾತ್ರ ನೆನಪಿಸುತ್ತದೆ.

ರಿಚ್‌ಮಂಡ್ ಗುಡ್ಡದಿಂದ ಕಾಣುವ ನದಿಯ ತಿರುವನ್ನು ಚಿತ್ರಕಾರರು ಎಷ್ಟೋ ಸಲ ಬರೆದಿದ್ದಾರೆ. ಆ ನೋಟದಲ್ಲಿ ಕಟ್ಟಡಗಳು ಏಳದಂತೆ 1902ರಲ್ಲಿ ಪಾರ್ಲಿಮೆಂಟೇ ಒಂದು ಶಾಸನ ಮಾಡಿತು. ಕಣ್ಣಿಗೆ ಕಾಣುವ ದೃಶ್ಯಕ್ಕೂ ಕಾನೂನಿನ ಕಾವಲು! ಗುಡ್ಡದ ಮೇಲಿನ ರಿಚ್‌ಮಂಡ್ ಪಾರ್ಕಿನ ಕಥೆ ಇನ್ನೂ ಸ್ವಾರಸ್ಯವಾದುದು. 1637ರಲ್ಲಿ ಒಂದನೆಯ ಚಾರ್ಲ್ಸ್ ದೊರೆ ಜಿಂಕೆಯ ಬೇಟೆಗೆಂದು ಸುಮಾರು ಎರಡೂವರೆ ಸಾವಿರ ಎಕರೆಗೆ ಗೋಡೆ ಹಾಕಿಸಿದ. ಆದರೂ ಜನ ಒಳಗೆ ನಡೆದಾಡುವುದು ನಿಂತಿರಲಿಲ್ಲ. ಎರಡನೆಯ ಜಾರ್ಜ್ ದೊರೆಯ ಮಗಳು ಅಮೀಲಿಯಾ ರಾಜಕುಮಾರಿ 1751ರಲ್ಲಿ ಅದರ ಮೇಲ್ವಿಚಾರಣೆ ವಹಿಸಿಕೊಂಡ ಮೇಲೆ ಚೀಟಿಯಿಲ್ಲದವರಿಗೆ ಬಾಗಿಲು ಮುಚ್ಚಿತು. ಆ ಊರಿನ ಜಾನ್ ಲೂಯಿಸ್ ಎಂಬ ಬಿಯರ್ ತಯಾರಕ, ಬಾಗಿಲಲ್ಲಿ ತಡೆದ ಕಾವಲುಗಾರ್ತಿಯ ಮೇಲೆ ದಾವೆ ಹೂಡಿದ. 1758ರಲ್ಲಿ ಗೆದ್ದೂ ಗೆದ್ದ. ದಾರಿಗೆ ಬಾಗಿಲು ಬೇಕೋ, ಗೋಡೆ ಹತ್ತುವ ಏಣಿ ಬೇಕೋ ಎಂದು ನ್ಯಾಯಾಧೀಶರು ಕೇಳಿದರಂತೆ. ಬಾಗಿಲಾದರೆ ಎಂದಾದರೊಂದು ದಿನ ಅಗುಳಿ ಬಿದ್ದೀತು, ಏಣಿಯೇ ಇರಲಿ ಎಂದನಂತೆ ಲೂಯಿಸ್. ಅರಮನೆಯವರು ಏಣಿಯನ್ನೇನೋ ಇರಿಸಿದರು. ಆದರೆ ಮೆಟ್ಟಿಲುಗಳ ನಡುವೆ ಕಾಲು ಎಟುಕದಷ್ಟು ಅಂತರ ಬಿಟ್ಟರು. ಮತ್ತೆ ದೂರು ಹೋಯಿತು. ಮಕ್ಕಳೂ ಮುದುಕಿಯರೂ ಹತ್ತುವಂತೆ ಅದನ್ನು ಮಾಡಿಕೊಡಬೇಕೆಂದು ನ್ಯಾಯಾಧೀಶರು ಕಟ್ಟುಮಾಡಿದರೆಂದು ಹೇಳುತ್ತಾರೆ. ಈಗ ಏಣಿಯ ಗೋಜಿಲ್ಲ. ಪಾರ್ಕಿನ ಅಂಚಿನಲ್ಲೇ ಸುತ್ತುವ ಸುಮಾರು 12 ಕಿಲೋಮೀಟರುಗಳ ಓಟದ ದಾರಿಯಿದೆ. ಜಿಂಕೆಗಳು ಇಂದಿಗೂ ನೂರಾರು. ಅಕ್ಟೋಬರಿನ ಬೆದೆಗಾಲದಲ್ಲಿ ಮಾತ್ರ ಅವುಗಳಿಂದ ದೂರ ಇರುವುದು ಲೇಸು.

ಇನ್ನು ಪಟ್ನಿಯಿಂದ ಕೆಳಕ್ಕೆ, ಊರ ನಡುವಿಗೆ ಬನ್ನಿ. ಇಲ್ಲಿ ಕುದುರೆಯ ದಾರಿ ಇರಲಿಲ್ಲ. ದೋಣಿಗಳು ಭರತದ ನೀರಿನೊಡನೆಯೇ ಸಾಗುತ್ತಿದ್ದವು, ದಂಡೆಯನ್ನು ಉಗ್ರಾಣಗಳೂ ಕಾರ್ಖಾನೆಗಳೂ ಆಕ್ರಮಿಸಿದ್ದವು. ಆದುದರಿಂದ ಇಲ್ಲಿನ ಒಂದೊಂದು ತುಂಡಿಗೂ ಒಂದೊಂದು ಹುಟ್ಟು. ಬ್ಯಾಟರ್‌ಸೀ ಪಾರ್ಕು ಮೊದಲು ಜೌಗುಭೂಮಿ. ಪೂರ್ವದಲ್ಲಿ ಹಡಗುಕಟ್ಟೆ ತೋಡಿದಾಗ ಎದ್ದ ಮಣ್ಣನ್ನು ತಂದು ತುಂಬಿ 200 ಎಕರೆಯ ಉದ್ಯಾನ ಮಾಡಿದರು. 1858ರಲ್ಲಿ ಅದು ತೆರೆಯಿತು. ನದಿಗೆ ಮುಖಮಾಡಿ ಅಲ್ಲಿ 1985ರಲ್ಲಿ ಜಪಾನಿನ ಬೌದ್ಧಭಿಕ್ಷುಗಳು ಕಟ್ಟಿದ ಶಾಂತಿಸ್ತೂಪವಿದೆ.

ಅಲ್ಲಿಂದ ಮುಂದೆ ದಕ್ಷಿಣ ದಡದ ಆಲ್ಬರ್ಟ್ ಕಟ್ಟೆಗೆ ಬಂದರೆ, ಲ್ಯಾಂಬೆತ್ ಸೇತುವೆಯ ಬಳಿ ನೀವು ಥಟ್ಟನೆ ನಿಲ್ಲುತ್ತೀರಿ. ಎದುರಿಗೆ ಬಸವಣ್ಣನವರು! 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದ ಪ್ರತಿಮೆ ಅದು. ಕೃಷ್ಣಾ ಮಲಪ್ರಭೆಗಳ ಸಂಗಮದಲ್ಲಿ ಐಕ್ಯರಾದವರು ಇಲ್ಲಿ ಇನ್ನೊಂದು ನದಿಯ ದಡದಲ್ಲಿ ಪಾರ್ಲಿಮೆಂಟಿನ ಸಮೀಪದಲ್ಲೇ ನೆಲೆಸಿದ್ದಾರೆ. ಓಡುತ್ತ ಬಂದ ಕನ್ನಡಿಗರು ಕೈಮುಗಿದು ಮತ್ತೆ ಓಡುವುದನ್ನು ಅಲ್ಲಿ ಕಂಡರೆ ಆಶ್ಚರ್ಯಪಡಬೇಡಿ. ಸೇತುವೆ ದಾಟಿ ತುಸು ಮುಂದೆ, ಸೇಂಟ್ ಥಾಮಸ್ ಆಸ್ಪತ್ರೆಯ ಮುಂದಿನ ಉದ್ದನೆಯ ಗೋಡೆಯ ಮೇಲೆ ಕೆಂಪು ಹೃದಯದ ಚಿತ್ರಗಳಿವೆ, ಎರಡು ಲಕ್ಷಕ್ಕೂ ಹೆಚ್ಚು. ಕೋವಿಡ್‌ನಲ್ಲಿ ತೀರಿಕೊಂಡ ಒಬ್ಬೊಬ್ಬರಿಗೆ ಒಂದೊಂದರಂತೆ 2021ರ ಮಾರ್ಚಿನಿಂದ ಮನೆಯವರೂ ಸ್ವಯಂಸೇವಕರೂ ಬರೆದದ್ದು. ವೇಗವಾಗಿ ಓಡುವವರ ಹೆಜ್ಜೆಯೂ ಇಲ್ಲಿ ನಿಧಾನವಾಗುತ್ತದೆ.

ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ ಉತ್ತರ ದಡಕ್ಕೆ ಹೋದರೆ ವಿಕ್ಟೋರಿಯಾ ಕಟ್ಟೆ. ಸಾಲುಮರ, ಮೀನಿನ ಬಾಲ ಸುತ್ತಿದ ದೀಪಗಂಬ, ಒಂಟೆ ಕೆತ್ತಿದ ಬೆಂಚು. ಇಷ್ಟು ಅಂದದ ನಡಿಗೆದಾಣದ ಅಡಿಯಲ್ಲಿ ಹರಿಯುತ್ತಿರುವುದು ಊರಿನ ಕೊಳಚೆ. 1858ರ ಬೇಸಗೆಯಲ್ಲಿ ನದಿ ಎಷ್ಟು ನಾರಿತೆಂದರೆ ಪಾರ್ಲಿಮೆಂಟು ಭವನದ ಪರದೆಗಳನ್ನು ಸುಣ್ಣದ ಕ್ಲೋರೈಡಿನಲ್ಲಿ ಅದ್ದಿ ಕಟ್ಟಬೇಕಾಯಿತು. ಮೂಗಿಗೆ ತಟ್ಟಿದ ಮೇಲೆ ಮಸೂದೆ ಬೇಗ ಮುಂದೆ ಸಾಗಿತು. ಜೋಸೆಫ್ ಬ್ಯಾಜಲ್‌ಜೆಟ್ ಎಂಬ ಇಂಜಿನಿಯರು ನದಿಗೆ ಬೀಳುತ್ತಿದ್ದ ಹೊಲಸನ್ನು ಅಡ್ಡಗಟ್ಟಿ ಪೂರ್ವಕ್ಕೆ ಒಯ್ಯಲು 82 ಮೈಲಿ ಉದ್ದದ ಮುಖ್ಯ ಚರಂಡಿಗಳನ್ನು ಕಟ್ಟಿಸಿದ. ಅವುಗಳಲ್ಲಿ ಒಂದನ್ನು ನದಿಯ ಅಂಚಿನಲ್ಲೇ ಇರಿಸಿ, ಪಕ್ಕದಲ್ಲಿ ಸುರಂಗ ರೈಲನ್ನೂ ಓಡಿಸಿ, ಮೇಲೆ ಮಣ್ಣು ಮುಚ್ಚಿ, ನದಿಯಿಂದ ನೆಲ ಗಿಟ್ಟಿಸಿ 1870ರಲ್ಲಿ ಈ ಕಟ್ಟೆಯನ್ನು ತೆರೆದರು. ಎಷ್ಟು ನೆಲ ಗಿಟ್ಟಿತೆಂದು ಅರಿಯಬೇಕಾದರೆ ಕಟ್ಟೆಯ ಉದ್ಯಾನದಲ್ಲಿ 1626ರ ಯಾರ್ಕ್ ನೀರುಬಾಗಿಲನ್ನು ನೋಡಿ. ಹಿಂದೆ ದೋಣಿಯಿಂದ ನೇರವಾಗಿ ಅದರ ಮೆಟ್ಟಿಲಿಗೆ ಇಳಿಯುತ್ತಿದ್ದರು. ಇಂದು ಅದು ನೀರಿಗೆ ನೂರು ಮೀಟರಿಗಿಂತ ದೂರದಲ್ಲಿ ಹೂವಿನ ಪಾತಿಗಳ ನಡುವೆ ಒಂಟಿಯಾಗಿ ನಿಂತಿದೆ.

ಅಷ್ಟಾದರೂ ನದಿ ಚೇತರಿಸಿಕೊಳ್ಳಲಿಲ್ಲ. 1957ರಲ್ಲಿ ಅದು ಜೀವವಿಲ್ಲದ ನದಿಯೆಂದು ತಜ್ಞರು ಸಾರಿದರು. ಚರಂಡಿನೀರಿನ ಶುದ್ಧೀಕರಣ ಸುಧಾರಿಸಿದ ಮೇಲೆ 1974ರಲ್ಲಿ ಸಾಲ್ಮನ್ ಮೀನು ಮತ್ತೆ ಕಾಣಿಸಿತು. ಜೋರು ಮಳೆ ಬಂದಾಗ ಹಳೆಯ ಚರಂಡಿಗಳು ತುಂಬಿ ನದಿಗೆ ಹೊರಳುವುದು ಮಾತ್ರ ಮುಂದುವರಿದೇ ಇತ್ತು. ಅದನ್ನು ತಡೆಯಲು ನದಿಯಡಿ ತೋಡಿದ 25 ಕಿಲೋಮೀಟರುಗಳ ಹೊಸ ಸುರಂಗವನ್ನು 2025ರ ಫೆಬ್ರವರಿಯಲ್ಲಿ ಪೂರ್ತಿಯಾಗಿ ಜೋಡಿಸಿದರು. ಅದರ ಕಾಮಗಾರಿ ನಡೆದ ಕೆಲವು ಜಾಗಗಳಲ್ಲಿ ನದಿಯೊಳಕ್ಕೆ ಚಾಚಿದ ಹೊಸ ಜಗಲಿಗಳು ಎದ್ದಿವೆ. ಮತ್ತೊಮ್ಮೆ ಕೊಳಚೆಯ ಕೃಪೆಯಿಂದಲೇ ನಡೆಯಲು ಜಾಗ!

ದಕ್ಷಿಣ ದಡದ ಸೌತ್‌ಬ್ಯಾಂಕ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಪ್ರವಾಸಿಗಳ ಜಾತ್ರೆ. ಬೆಳಿಗ್ಗೆ ಏಳರೊಳಗೆ ಹೋದರೆ ಓಡಬಹುದು, ಹತ್ತರ ಮೇಲೆ ತಳ್ಳಾಟ. ಟವರ್ ಸೇತುವೆಯಿಂದ ಪೂರ್ವಕ್ಕೆ ದಾರಿ ಆಗಾಗ ಕಾಣೆಯಾಗುತ್ತದೆ. 1967ರಿಂದ 1981ರೊಳಗೆ ಹಡಗುಕಟ್ಟೆಗಳು ಒಂದೊಂದಾಗಿ ಮುಚ್ಚಿದ ಮೇಲೆ ಉಗ್ರಾಣಗಳು ದುಬಾರಿ ಮನೆಗಳಾದವು. ಕೆಲವೆಡೆ ನದಿಯಂಚನ್ನು ಜನರಿಗೆ ಬಿಟ್ಟುಕೊಟ್ಟರು. ಕೆಲವೆಡೆ ಗೋಡೆ ನೀರಿನವರೆಗೂ ಇದೆ, ನೀವು ಹಿಂದಿನ ಗಲ್ಲಿಯಲ್ಲಿ ಸುತ್ತಿಕೊಂಡು ಹೋಗಬೇಕು. ಇನ್ನು ಕೆಲವೆಡೆ ಕಬ್ಬಿಣದ ಬಾಗಿಲು ಕತ್ತಲಾದ ಮೇಲೆ ಮುಚ್ಚುತ್ತದೆ. ಅದನ್ನು ಕಂಡಾಗಲೆಲ್ಲ ಏಣಿ ಕೇಳಿದ ಜಾನ್ ಲೂಯಿಸ್ ನೆನಪಾಗುತ್ತಾನೆ. ದಾರಿ ವೂಲಿಚ್ ಬಳಿ ಥೇಮ್ಸ್ ತಡೆಗೋಡೆಯನ್ನು ಮುಟ್ಟುತ್ತದೆ. 1953ರ ಸಮುದ್ರದ ಉಕ್ಕಿನಲ್ಲಿ ಇಂಗ್ಲೆಂಡಿನ ಪೂರ್ವ ತೀರದಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಸತ್ತ ಬಳಿಕ ಯೋಚಿಸಿ, 520 ಮೀಟರ್ ಅಗಲಕ್ಕೆ ಕಟ್ಟಿ, 1984ರಲ್ಲಿ ಉದ್ಘಾಟಿಸಿದ ಬೆಳ್ಳಿಯ ಬಣ್ಣದ ಬಾಗಿಲುಗಳವು.

ಇಷ್ಟನ್ನೂ ಒಂದೇ ದಿನ ನೋಡುತ್ತೇನೆಂದು ಹೊರಡಬೇಡಿ. ವಾರಕ್ಕೊಂದು ತುಂಡು ಸಾಕು. ಟೋಪಾತಿನಲ್ಲಿ ದೀಪಗಳಿಲ್ಲ. ಜೂನ್ ತಿಂಗಳಿನಲ್ಲಿ ಐದು ಗಂಟೆಯೊಳಗೇ ಬೆಳಕು ಹರಿಯುತ್ತದೆ. ಡಿಸೆಂಬರಿನಲ್ಲಿ ಸೂರ್ಯ ಕಾಣುವುದೇ ಎಂಟಕ್ಕೆ, ನಾಲ್ಕಕ್ಕೆಲ್ಲ ಕತ್ತಲು. ಮಳೆ ಬಂದ ಮರುದಿನ ಮಣ್ಣು ಜಾರುತ್ತದಾದ್ದರಿಂದ ಅಂದು ಕಲ್ಲು ಹಾಸಿನ ಕಟ್ಟೆಗಳಿಗೆ ಹೋಗಿ. ಹಿಂದಿನಿಂದ ಸೈಕಲ್ಲಿನ ಗಂಟೆ ಕೇಳಿಸಿದರೆ ಎಡಕ್ಕೆ ಸರಿಯಿರಿ, ಆದರೆ ನೀರಿರುವುದು ಯಾವ ಕಡೆಗೆಂದು ಮೊದಲು ನೋಡಿಕೊಳ್ಳಿ.